ಚಂದಿರ ಯಾಕೆ ಬೀಳುವುದಿಲ್ಲ?

ನಾವು ಏಳನೆಯ ತರಗತಿಯಲ್ಲಿದ್ದಾಗ ನಮ್ಮ ಜೊತೆಯ ಹುಡುಗನೊಬ್ಬ ವಿಜ್ಞಾನದ ಪಾಠದ ನಡುವೆ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ. ಭೂಮಿ ಎಲ್ಲವನ್ನೂ ತನ್ನ ಕಡೆ ಎಳೆಯುತ್ತದೆ ಅಂತೀರಿ, ಹಾಗಾದರೆ ಚಂದಿರ ಯಾಕೆ ಬೀಳುವುದಿಲ್ಲ? ಪಾಠ ಉರ್ದುವಿನಲ್ಲಿ ನಡೆಯುತ್ತಿತ್ತು, ಪ್ರಶ್ನೆಯೂ ಉರ್ದುವಿನಲ್ಲೇ ಬಂತು. ಮೇಷ್ಟ್ರಿಗೆ ಅದು ಉದ್ಧಟತನವಾಗಿ ಕಂಡಿತು. ಪುಸ್ತಕದಲ್ಲಿ ಇದ್ದಷ್ಟು ಓದು ಎಂದು ಗದರಿ, ಗಂಟೆ ಹೊಡೆಯುವವರೆಗೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ನಾವೆಲ್ಲ ನಕ್ಕೆವು. ನಕ್ಕದ್ದನ್ನು ಇಲ್ಲಿ ಹೇಳದೆ ಬಿಟ್ಟರೆ ನ್ಯಾಯವಾಗದು. ಆ ಹುಡುಗ ಎಂಟನೆಯ ತರಗತಿಗೆ ಬರಲಿಲ್ಲ, ಚಿಕ್ಕಪ್ಪನ ಸೈಕಲ್ ಅಂಗಡಿ ಸೇರಿದ. ಶಾಲೆ ಬಿಟ್ಟದ್ದಕ್ಕೆ ಬೇರೆ ಕಾರಣಗಳೂ ಇದ್ದವು, ಮನೆಯ ಬಡತನವಂತೂ ಇದ್ದೇ ಇತ್ತು. ಆದರೂ ಆ ದಿನದ ಬೆಂಚು ನಮ್ಮ ಮನಸ್ಸಿನಿಂದ ಹೋಗಿಲ್ಲ.

ಉರ್ದು ಶಾಲೆಯಲ್ಲಿ ನಾವು 'ಕಶಿಶೆ ಸಿಕ್ಲ್' ಎಂದು ಉರು ಹೊಡೆದದ್ದು ಕನ್ನಡ ಹೈಸ್ಕೂಲಿಗೆ ಬಂದಾಗ 'ಗುರುತ್ವಾಕರ್ಷಣೆ' ಆಯಿತು. ಕಶಿಶ್ ಎಂಬ ಮಾತು ನಮ್ಮ ಕಿವಿಗೆ ಮೊದಲು ಬಿದ್ದದ್ದು ಗಝಲುಗಳಿಂದ. ಅದರಲ್ಲಿ ಸೆಳೆತವಿದೆ, ಹಂಬಲವಿದೆ. ಗುರುತ್ವ ಎಂಬ ಮಾತಿನಲ್ಲಿ ಭಾರವಿದೆ, ಹಿರಿತನವಿದೆ. ಎರಡು ಭಾಷೆಗಳಲ್ಲೂ ನಮಗೆ ಪದ ಸಿಕ್ಕಿತು, ಪದಾರ್ಥ ಸಿಗಲಿಲ್ಲ. ಎರಡೂ ಕಡೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆದೆವು. ಚಂದಿರ ಯಾಕೆ ಬೀಳುವುದಿಲ್ಲ ಎಂಬುದು ಮಾತ್ರ ಎರಡೂ ಭಾಷೆಗಳಲ್ಲಿ ಗೊತ್ತಿರಲಿಲ್ಲ.

ಬೆಂಚಿನ ಮೇಲೆ ನಿಂತ ಹುಡುಗನ ಪ್ರಶ್ನೆ ಸಣ್ಣದೇನಲ್ಲ. ಹದಿನೇಳನೆಯ ಶತಮಾನದ ಯೂರೋಪಿನ ಬಹಳ ದೊಡ್ಡ ತಲೆಗಳನ್ನು ಕಾಡಿದ ಪ್ರಶ್ನೆ ಅದು. ಅದಕ್ಕೆ ಉತ್ತರ ಹುಡುಕುವ ಒಂದು ಮುಖ್ಯ ಹೆಜ್ಜೆಯನ್ನು ಕಾಗದದ ಮೇಲಲ್ಲ, ಒಂದು ಕೋಣೆಯ ಸೂರಿಗೆ ತಂತಿ ಕಟ್ಟಿ ಇಟ್ಟರು ಎಂಬುದು ಪಠ್ಯಪುಸ್ತಕಗಳಲ್ಲಿ ಬರುವುದಿಲ್ಲ. ನ್ಯೂಟನ್ ಬರುತ್ತಾನೆ, ಸೇಬು ಬರುತ್ತದೆ, ಅಲ್ಲಿಗೆ ಕಥೆ ಮುಗಿಯುತ್ತದೆ. ತಂತಿ ಕಟ್ಟಿದವನ ಹೆಸರು ರಾಬರ್ಟ್ ಹೂಕ್.

ಹೂಕ್ ಹುಟ್ಟಿದ್ದು 1635ರಲ್ಲಿ, ಇಂಗ್ಲೆಂಡಿನ ದಕ್ಷಿಣ ತೀರದ ವೈಟ್ ಎಂಬ ದ್ವೀಪದಲ್ಲಿ. 1662ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನನ್ನು ಪ್ರಯೋಗಗಳ ಉಸ್ತುವಾರಿಗೆ ನೇಮಿಸಿತು. ಸಭೆ ಸೇರಿದಾಗಲೆಲ್ಲ ಸದಸ್ಯರಿಗೆ ಏನಾದರೊಂದು ಪ್ರಯೋಗ ಮಾಡಿ ತೋರಿಸಬೇಕು, ಅದೇ ಅವನ ಕೆಲಸ. ಸದಸ್ಯರಲ್ಲಿ ಶ್ರೀಮಂತರು, ಪಾದ್ರಿಗಳು, ವೈದ್ಯರು ಇದ್ದರು. ಹೂಕ್ ಒಂದು ರೀತಿಯಲ್ಲಿ ಅವರೆಲ್ಲರ ಮೇಷ್ಟ್ರು, ಇನ್ನೊಂದು ರೀತಿಯಲ್ಲಿ ಅವರೆಲ್ಲರ ನೌಕರ.

1666ರ ಮೇ 23ರ ಸಭೆಗೆ ಅವನು ಒಂದು ಪ್ರಬಂಧ ತಂದ, ಜೊತೆಗೆ ಒಂದು ತೂಗು ಗುಂಡನ್ನೂ. ನೆಟ್ಟಗೆ ಹೋಗುತ್ತಿರುವ ವಸ್ತುವೊಂದು ಯಾಕೆ ಬಾಗಿ ತಿರುಗುತ್ತದೆ ಎಂಬುದು ಪ್ರಬಂಧದ ವಿಷಯ. ಲಿಗ್ನಮ್ ವೈಟೆ ಎಂಬ ಬಲು ಗಟ್ಟಿ ಮರದ ದೊಡ್ಡ ಗುಂಡನ್ನು ಸೂರಿನಿಂದ ಉದ್ದನೆಯ ತಂತಿಯಲ್ಲಿ ತೂಗಿ ಬಿಟ್ಟಿದ್ದ. ಗುಂಡನ್ನು ಒಂದು ಬದಿಗೆ ಎಳೆದು ಸುಮ್ಮನೆ ಬಿಟ್ಟರೆ ಅದು ನಡುವಿಗೆ ಓಡಿ ಬರುತ್ತದೆ, ಆಚೆ ಹೋಗುತ್ತದೆ, ಮತ್ತೆ ಬರುತ್ತದೆ. ಅದೇ ಗುಂಡನ್ನು ಬದಿಗೆ ಎಳೆದು, ಬಿಡುವಾಗ ಅಡ್ಡಕ್ಕೆ ಒಂದು ತಳ್ಳು ಕೊಟ್ಟರೆ ಅದು ನಡುವನ್ನು ಮುಟ್ಟುವುದೇ ಇಲ್ಲ, ಸುತ್ತುತ್ತದೆ. ತಳ್ಳು ಸರಿಯಾಗಿದ್ದರೆ ದುಂಡು ದಾರಿ, ಹೆಚ್ಚೋ ಕಡಿಮೆಯೋ ಆದರೆ ಮೊಟ್ಟೆಯಾಕಾರದ ದಾರಿ. ಗ್ರಹಗಳನ್ನು ತಳ್ಳಿಕೊಂಡು ತಿರುಗಿಸುವ ಯಾವುದೋ ಕೈ ಬೇಕಾಗಿಲ್ಲ. ಒಳಗಿನ ಸೆಳೆತ ಒಂದು, ಅಡ್ಡ ಓಟ ಒಂದು, ಎರಡು ಸೇರಿದರೆ ಸಾಕು ಎಂಬುದು ನೋಡುವವರ ಕಣ್ಣೆದುರು ನಡೆಯಿತು.

ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. ತಂತಿಯ ಕೆಳ ತುದಿಗೆ ಗಿಡ್ಡ ದಾರದಲ್ಲಿ ಇನ್ನೊಂದು ಸಣ್ಣ ಗುಂಡನ್ನು ಕಟ್ಟಿದ. ದೊಡ್ಡದು ಭೂಮಿ, ಸಣ್ಣದು ಚಂದ್ರ. ಎರಡನ್ನೂ ತಿರುಗಲು ಬಿಟ್ಟಾಗ ಭೂಮಿಯ ಗುಂಡು ಕೂಡ ನೇರ್ಪಾಗಿ ಸುತ್ತಲಿಲ್ಲ, ಚಂದ್ರನದು ಕೂಡ ಸುತ್ತಲಿಲ್ಲ, ಎರಡೂ ಸ್ವಲ್ಪ ಓಲಾಡಿದವು. ಅವೆರಡರ ನಡುವಿನ ತೂಕದ ಕೇಂದ್ರಬಿಂದು ಮಾತ್ರ ಚೊಕ್ಕವಾಗಿ ಸುತ್ತಿತು. ಚಂದ್ರ ಭೂಮಿಯನ್ನು ಸುತ್ತುತ್ತಾನೆ ಎಂದು ನಾವು ಇಂದಿಗೂ ಬಾಯಿಪಾಠ ಮಾಡಿಸುತ್ತೇವೆ. ಭೂಮಿಯೂ ಚಂದ್ರನಿಗಾಗಿ ಕೊಂಚ ಓಲಾಡುತ್ತದೆ ಎಂಬುದನ್ನು ಹೂಕ್ ಮುನ್ನೂರ ಅರವತ್ತು ವರ್ಷಗಳ ಹಿಂದೆ ಎರಡು ಗುಂಡುಗಳಲ್ಲಿ ತೋರಿಸಿದ್ದ.

ಇಷ್ಟಾದ ಮೇಲೆ ಅವನು ಹೇಳಿದ ಮಾತೊಂದಿದೆ, ಈ ಲೇಖನ ಬರೆಯಲು ನಮ್ಮನ್ನು ಕೂರಿಸಿದ್ದು ಅದೇ. ನನ್ನ ಗುಂಡು ನಡುವಿನಿಂದ ದೂರ ಹೋದಷ್ಟೂ ಹಿಂದಕ್ಕೆ ಎಳೆಯುವ ಒತ್ತಾಸೆ ಹೆಚ್ಚುತ್ತದೆ, ಆದರೆ ಸೂರ್ಯನ ಸೆಳೆತ ಹಾಗೆ ಇರುವಂತೆ ಕಾಣುವುದಿಲ್ಲ ಎಂಬ ಅರ್ಥದಲ್ಲಿ ಅವನು ತನ್ನ ಪ್ರಯೋಗದ ಕೊರತೆಯನ್ನು ತಾನೇ ಸಭೆಗೆ ತಿಳಿಸಿದ. ಇನ್ನೊಂದು ಕೊರತೆಯೂ ಇದೆ. ತೂಗುಗುಂಡಿನ ದೀರ್ಘವೃತ್ತದಲ್ಲಿ ಸೆಳೆತದ ಜಾಗ ಸರಿಯಾಗಿ ನಟ್ಟನಡುವೆ ಇರುತ್ತದೆ. ಗ್ರಹಗಳ ದೀರ್ಘವೃತ್ತದಲ್ಲಿ ಸೂರ್ಯ ನಡುವೆ ಇರದೆ ಒಂದು ನಾಭಿಯಲ್ಲಿರುತ್ತಾನೆ. ಇದನ್ನು ಕೆಪ್ಲರ್ 1609ರಲ್ಲೇ ಹೇಳಿದ್ದ. ಅಂದರೆ ಹೂಕ್ ತೋರಿಸಿದ್ದು ಆಕಾಶವನ್ನಲ್ಲ, ಆಕಾಶವನ್ನು ಯೋಚಿಸುವ ಒಂದು ದಾರಿಯನ್ನು. ಅದು ಅವನಿಗೂ ಗೊತ್ತಿತ್ತು, ಅವನು ಅದನ್ನು ಮುಚ್ಚಿಡಲಿಲ್ಲ.

1679ರ ನವೆಂಬರಿನಲ್ಲಿ ಹೂಕ್ ನ್ಯೂಟನ್ನನಿಗೆ ಪತ್ರ ಬರೆದು ಇದೇ ವಿಚಾರವನ್ನು ಮುಂದಿಟ್ಟ. ಗ್ರಹದ ಚಲನೆಯನ್ನು ಒಂದು ನೇರ ಓಟ ಮತ್ತು ನಡುವಿನ ಕಡೆಗಿನ ಒಂದು ಸೆಳೆತ ಎಂದು ಬಿಡಿಸಿ ನೋಡಬಹುದಲ್ಲವೇ ಎಂದು ಕೇಳಿದ. ಲೆಕ್ಕ ಮಾಡುವ ಶಕ್ತಿ ನ್ಯೂಟನ್ನನಿಗಿತ್ತು, ಹೂಕನಿಗೆ ಅಷ್ಟು ಇರಲಿಲ್ಲ. 1687ರಲ್ಲಿ 'ಪ್ರಿನ್ಸಿಪಿಯಾ' ಅಚ್ಚಾಯಿತು. ಅದಕ್ಕೂ ಮೊದಲೇ, ತನಗೂ ಪಾಲು ಸಲ್ಲಬೇಕೆಂದು ಹೂಕ್ ಕೇಳಿದಾಗ ನ್ಯೂಟನ್ ಕೆರಳಿ ಹಸ್ತಪ್ರತಿಯಲ್ಲಿ ಅವನ ಹೆಸರಿದ್ದ ಕಡೆಗಳಲ್ಲಿ ಹಲವನ್ನು ಅಳಿಸಿ ಹಾಕಿದ. ಲೆಕ್ಕ ಮಾಡಿದವನೇ ದೊಡ್ಡವನು, ಅದರಲ್ಲಿ ನಮಗೆ ತಕರಾರಿಲ್ಲ. ಆದರೆ ತಂತಿ ಕಟ್ಟಿದವನನ್ನು ಕೋಣೆಯಿಂದಲೇ ಹೊರಗೆ ಹಾಕುವುದು ಬೇರೆ ಮಾತು. ಹೂಕ್ 1703ರಲ್ಲಿ ತೀರಿಕೊಂಡ. ಇದು ಅವನದೇ ಎಂದು ಖಚಿತವಾಗಿ ಹೇಳಬಹುದಾದ ಒಂದು ಭಾವಚಿತ್ರವೂ ಉಳಿದಿಲ್ಲ.

ನ್ಯೂಟನ್ ಕೂಡ ಕೈಗೆ ಸಿಗುವ ಉದಾಹರಣೆಗಳನ್ನು ಬಿಟ್ಟವನಲ್ಲ. ಪ್ರಿನ್ಸಿಪಿಯಾದ ಮೊದಲ ಪುಟಗಳಲ್ಲೇ ಕವಣೆಯ ಕಲ್ಲು ಬರುತ್ತದೆ. ನಮ್ಮ ಕಡೆ ಜೋಳದ ಹೊಲದಲ್ಲಿ ಅಟ್ಟಣೆಯ ಮೇಲೆ ನಿಂತು ಹಕ್ಕಿ ಓಡಿಸಲು ಬೀಸುತ್ತಿದ್ದ ಅದೇ ಕವಣೆ. ಕಲ್ಲು ತಲೆಯ ಸುತ್ತ ತಿರುಗುತ್ತಿರುವವರೆಗೂ ಕೈ ಅದನ್ನು ಒಳಕ್ಕೆ ಎಳೆಯುತ್ತಲೇ ಇರಬೇಕು. ಒಂದು ಎಳೆ ಬಿಟ್ಟ ಕ್ಷಣ ಕಲ್ಲು ಆಗ ಯಾವ ದಿಕ್ಕಿಗೆ ಓಡುತ್ತಿತ್ತೋ ಆ ದಿಕ್ಕಿಗೇ ನೆಟ್ಟಗೆ ಹಾರುತ್ತದೆ, ಬೀಸಿದವನಿಂದ ಹೊರಮುಖವಾಗಿ ಅಲ್ಲ. ಹೊಲ ಕಾಯುವ ಹುಡುಗನ ಭುಜಕ್ಕೆ ಇದು ಗೊತ್ತಿರುತ್ತದೆ. ಓದಿದವರ ತಲೆಗೆ ಮಾತ್ರ ಅಷ್ಟು ಸುಲಭವಾಗಿ ಹತ್ತುವುದಿಲ್ಲ. 1980ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಸುರುಳಿ ಕೊಳವೆಯ ಚಿತ್ರ ಕೊಟ್ಟು, ಅದರಿಂದ ಹೊರಬಂದ ಗುಂಡು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಬರೆಯಹೇಳಿದರು. ಭೌತಶಾಸ್ತ್ರ ಓದಿದ್ದ ಕೆಲವರೂ ಸೇರಿ ಅನೇಕರು ಗುಂಡು ಹೊರಬಂದ ಮೇಲೂ ಬಾಗಿಯೇ ಹೋಗುವಂತೆ ಗೆರೆ ಎಳೆದರು.

ಇದನ್ನು ನೋಡಲು ಎಂಟಾಣೆಯ ಖರ್ಚೂ ಇಲ್ಲ. ಮದುವೆ ಊಟದ ಅಂಚಿರುವ ಕಾಗದದ ತಟ್ಟೆಯೊಂದರ ಕಾಲು ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ನೆಲದ ಮೇಲಿಟ್ಟು, ಅಂಚಿನ ಒಳಗೆ ಒಂದು ಗೋಲಿಯನ್ನು ಉರುಳಿಸಬೇಕು. ಉರುಳಿಸುವ ಮೊದಲು ಮಕ್ಕಳನ್ನು ಕೇಳಬೇಕು: ಕತ್ತರಿಸಿದ ಜಾಗಕ್ಕೆ ಬಂದಾಗ ಗೋಲಿ ಎತ್ತ ಹೋಗುತ್ತದೆ? ನಾವು ಇದನ್ನು ಮನೆಯ ಮಕ್ಕಳಿಗೂ ಕೇಳಿದ್ದೇವೆ, ಮನೆಗೆ ಬಂದ ಎಂಜಿನಿಯರಿಗೂ ಕೇಳಿದ್ದೇವೆ. ತಪ್ಪು ಉತ್ತರ ಕೊಟ್ಟವರು ಯಾರು ಎಂದು ಹೇಳುವುದು ಮರ್ಯಾದೆಯಲ್ಲ.

ಈಗ ಚಂದಿರನ ವಿಷಯ. ಚಂದ್ರ ಬೀಳುವುದಿಲ್ಲ ಎಂದು ಹೇಳುವುದೇ ತಪ್ಪು. ಅವನು ಬೀಳುತ್ತಿದ್ದಾನೆ. ಅವನು ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ವೇಗದಲ್ಲಿ ಅಡ್ಡಕ್ಕೆ ಓಡುತ್ತಾನೆ. ಭೂಮಿಯ ಸೆಳೆತ ಇಲ್ಲದಿದ್ದರೆ ಕವಣೆಯಿಂದ ಬಿಟ್ಟ ಕಲ್ಲಿನಂತೆ ನೆಟ್ಟಗೆ ಹೋಗಿಬಿಡುತ್ತಿದ್ದ. ಆ ನೇರ ದಾರಿಯಿಂದ ಅವನು ಪ್ರತಿ ಸೆಕೆಂಡಿಗೆ ಒಂದೂವರೆ ಮಿಲಿಮೀಟರಿಗೂ ಕಡಿಮೆ ಭೂಮಿಯ ಕಡೆ ಬೀಳುತ್ತಾನೆ. ಇಲ್ಲಿ ನಮ್ಮ ಕೈಯಿಂದ ಜಾರಿದ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಚಂದ್ರನಿರುವ ದೂರ ಭೂಮಿಯ ತ್ರಿಜ್ಯದ 60 ಪಟ್ಟು. 60ನ್ನು 60ರಿಂದ ಗುಣಿಸಿದರೆ 3600. 4.9 ಮೀಟರನ್ನು 3600ರಿಂದ ಭಾಗಿಸಿ ನೋಡಿದರೆ ಚಂದ್ರನ ಆ ಚೂರು ಬೀಳುವಿಕೆ ಬರುತ್ತದೆ. ನ್ಯೂಟನ್ ಇದನ್ನೇ ಇನ್ನೂ ಚೆಂದವಾಗಿ ಹೇಳಿದ: ಇಲ್ಲಿ ಕಲ್ಲು ಒಂದು ಸೆಕೆಂಡಿನಲ್ಲಿ ಬೀಳುವಷ್ಟು ದೂರವನ್ನು ಅಲ್ಲಿ ಚಂದ್ರ ಒಂದು ನಿಮಿಷದಲ್ಲಿ ಬೀಳುತ್ತಾನೆ. ಏಳನೆಯ ತರಗತಿಯ ಭಾಗಾಕಾರ ಸಾಕು. ಆ ದಿನ ಆ ಗಂಟೆಯೊಳಗೇ ಮಾಡಿ ಮುಗಿಸಬಹುದಿತ್ತು.

ನ್ಯೂಟನ್ನನ ಪುಸ್ತಕ ಬಂದಾಗ ಅದನ್ನು ಓದಿ ಅರ್ಥ ಮಾಡಿಕೊಂಡವರು ಬೆರಳೆಣಿಕೆಯಷ್ಟು ಮಂದಿ. ಅದನ್ನು ತರಗತಿಗೆ ಇಳಿಸಿದ ಕೀರ್ತಿಯ ದೊಡ್ಡ ಪಾಲು ಒಬ್ಬ ಡಚ್ ಮೇಷ್ಟ್ರಿಗೆ ಸಲ್ಲಬೇಕು. ವಿಲೆಮ್ ಸ್-ಗ್ರಾವೆಸಾಂಡೆ ಎಂಬ ಈತ ವಕೀಲಿಕೆ ಓದಿದವನು. 1715ರಲ್ಲಿ ರಾಯಭಾರಿಗಳ ಜೊತೆ ಲಂಡನ್ನಿಗೆ ಹೋಗಿ ನ್ಯೂಟನ್ನನನ್ನು ಕಂಡ, 1717ರಲ್ಲಿ ಲೈಡನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. ಗಣಿತದಲ್ಲಿ ಹಿಂದಿದ್ದ ವಿದ್ಯಾರ್ಥಿಗಳಿಗಾಗಿ ಅವನು ಯಂತ್ರಗಳನ್ನು ಮಾಡಿಸಿದ. ಗುಂಡುಗಳನ್ನು ಮೇಜಿನ ಮೇಲೆ ಗಿರಗಿರನೆ ತಿರುಗಿಸಿ, ಎಷ್ಟು ದೂರಕ್ಕೆ ಎಷ್ಟು ವೇಗಕ್ಕೆ ಎಷ್ಟು ಸೆಳೆತ ಬೇಕು ಎಂದು ತೂಕದ ಬಟ್ಟುಗಳಲ್ಲಿ ಅಳೆದು ತೋರಿಸುವ ಯಂತ್ರ ಅವುಗಳಲ್ಲಿ ಒಂದು. ಅವನ ಉಪಕರಣಗಳು ಇಂದಿಗೂ ಲೈಡನ್ನಿನ ಬೂರ್ಹಾವೆ ಸಂಗ್ರಹಾಲಯದಲ್ಲಿವೆ.

ಇದೇ ಮೇಷ್ಟ್ರು ಹಿತ್ತಾಳೆ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ಕುಳಿ ಅಳೆದ. ವೇಗ ಎರಡು ಪಟ್ಟಾದರೆ ಹೊಡೆತ ಎರಡು ಪಟ್ಟಾಗುತ್ತದೆ ಎಂಬುದು ಅವನ ಆವರೆಗಿನ ನಂಬಿಕೆ. ಮಣ್ಣು ನಾಲ್ಕು ಪಟ್ಟು ಎಂದಿತು. ಅವನು ತನ್ನ ನಂಬಿಕೆಯನ್ನೇ ಬದಲಿಸಿಕೊಂಡ, ಅದನ್ನು ಬಹಿರಂಗವಾಗಿ ಹೇಳಿದ. ಫ್ರಾನ್ಸಿನ ಎಮಿಲಿ ದು ಶಾತ್ಲೆ ಎಂಬ ವಿದುಷಿ ತನ್ನ ಮಗನ ಓದಿಗೆಂದು ಬರೆದು 1740ರಲ್ಲಿ ಪ್ರಕಟಿಸಿದ ಭೌತಶಾಸ್ತ್ರದ ಪುಸ್ತಕದಲ್ಲಿ ಇದೇ ಪಕ್ಷವನ್ನು ಹಿಡಿದು ವಾದಿಸಿದಳು. ಪ್ರಿನ್ಸಿಪಿಯಾವನ್ನು ಫ್ರೆಂಚಿಗೆ ತಂದವಳೂ ಅವಳೇ. ತಾಯಂದಿರು ಮಕ್ಕಳಿಗೆ ಪಾಠ ಹೇಳಿಕೊಟ್ಟ ಚರಿತ್ರೆಯನ್ನು ಯಾರಾದರೂ ಬಿಡಿಯಾಗಿ ಬರೆಯಬೇಕು.

ಲಂಡನ್ನಿನಲ್ಲಿ ಡೆಸಾಗ್ಯುಲಿಯರ್ಸ್ ಎಂಬಾತ ತನ್ನ ಮನೆಯಲ್ಲೇ ಇಂಥ ಪ್ರಯೋಗಗಳನ್ನು ಸಾರ್ವಜನಿಕರಿಗೆ ತೋರಿಸುತ್ತಿದ್ದ. ಧರ್ಮದ ಕಾರಣಕ್ಕೆ ಫ್ರಾನ್ಸ್ ಬಿಟ್ಟು ಬರಬೇಕಾದ ಕುಟುಂಬದವನು ಅವನು, ನಿರಾಶ್ರಿತನ ಮಗ. ಅದೇ ಕಾಲದಲ್ಲಿ ಓರರಿ ಎಂಬ ಯಂತ್ರವೂ ಬಂತು. ನಡುವೆ ಸೂರ್ಯ, ಸುತ್ತ ಹಿತ್ತಾಳೆಯ ಗ್ರಹಗಳು. ಹಿಡಿ ತಿರುಗಿಸಿದರೆ ಎಲ್ಲ ಸುತ್ತುತ್ತವೆ. ಮೊದಲು ಮಾಡಿದವನು ಜಾರ್ಜ್ ಗ್ರಹಾಮ್ ಎಂಬ ಗಡಿಯಾರದ ಕಮ್ಮಾರ, ಹೆಸರು ಉಳಿದದ್ದು ಅದರ ನಕಲನ್ನು ಮಾಡಿಸಿಕೊಂಡ, ಓರರಿಯ ಅರ್ಲ್ ಎಂಬ ಬಿರುದಿದ್ದ ಸಾಹುಕಾರನದು. ಇಂಥದ್ದು ನಮ್ಮಲ್ಲೂ ಹೊಸದೇನಲ್ಲ. ಜೋಸೆಫ್ ರೈಟ್ 1766ರ ಸುಮಾರಿಗೆ ಬರೆದ ಚಿತ್ರವೊಂದರಲ್ಲಿ ಸೂರ್ಯನ ಜಾಗದಲ್ಲಿ ದೀಪವಿಟ್ಟ ಓರರಿಯ ಸುತ್ತ ಮಕ್ಕಳ ಮುಖಗಳು ಬೆಳಗುತ್ತಿವೆ. ಬಹಳ ಚೆಂದದ ಚಿತ್ರ. ಆದರೆ ಓರರಿಯೊಳಗೆ ಗುರುತ್ವದ ಸುಳಿವೂ ಇಲ್ಲ, ಇರುವುದು ಹಲ್ಲುಚಕ್ರಗಳು ಮಾತ್ರ. ಗ್ರಹ ಎಲ್ಲಿರುತ್ತದೆ ಎಂದು ಅದು ತೋರಿಸುತ್ತದೆ, ಯಾಕೆ ತಿರುಗುತ್ತದೆ ಎಂಬುದಕ್ಕೆ ಸುಳ್ಳು ಉತ್ತರ ಕೊಡುತ್ತದೆ. ಹೂಕನ ಬಡ ತಂತಿ ಇದಕ್ಕಿಂತ ನಿಜಕ್ಕೆ ಹತ್ತಿರವಿತ್ತು.

ನಮ್ಮ ನಾಡಿಗೆ ಈ ವಿದ್ಯೆ ಬಂದ ದಾರಿಯೂ ಕುತೂಹಲದ್ದು. ಹದಿನೆಂಟನೆಯ ಶತಮಾನದ ಕೊನೆಗೆ ಅವಧದ ನವಾಬರ ಸೇವೆಯಲ್ಲಿದ್ದ ತಫಝ್ಝುಲ್ ಹುಸೇನ್ ಖಾನ್ ಎಂಬ ವಿದ್ವಾಂಸ ಪ್ರಿನ್ಸಿಪಿಯಾವನ್ನು ಅರಬಿಗೆ ಅನುವಾದಿಸಿದ. ಆ ಅನುವಾದ ಉಳಿದು ಬರಲಿಲ್ಲ. 1830ರ ದಶಕದಲ್ಲಿ ಹೈದರಾಬಾದಿನ ಅಮೀರ ಶಂಸುಲ್ ಉಮರಾ ಯೂರೋಪಿನ ವಿಜ್ಞಾನ ಗ್ರಂಥಗಳನ್ನು ಉರ್ದುವಿಗೆ ಮಾಡಿಸಿ ತನ್ನದೇ ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದ. ಯಂತ್ರಶಾಸ್ತ್ರ, ಖಗೋಳ ಎಲ್ಲ ಅವುಗಳಲ್ಲಿದ್ದವು. ಕಲಬುರಗಿ, ಬೀದರ, ರಾಯಚೂರು ಆಗ ಅದೇ ರಾಜ್ಯದ ಸೀಮೆಗಳು. ಮುಂದೆ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಉರ್ದುವಿನಲ್ಲೇ ಉನ್ನತ ವಿಜ್ಞಾನ ಕಲಿಸುವ ಸಾಹಸಕ್ಕೆ ಕೈ ಹಾಕಿತು, ಅದಕ್ಕಾಗಿ ಒಂದು ಅನುವಾದ ಕಚೇರಿಯೇ ಇತ್ತು. ನಮಗೆ ಇದರ ಬಗ್ಗೆ ಅಭಿಮಾನವಿದೆ. ಆದರೂ ಒಂದು ಮಾತು ಹೇಳಬೇಕು. ನಮ್ಮ ಸಣ್ಣ ಊರಿನ ಶಾಲೆಯವರೆಗೆ ನಡೆದು ಬಂದದ್ದು ಪದಗಳು. ಗುಂಡು ಮತ್ತು ದಾರ ದಾರಿಯಲ್ಲೆಲ್ಲೋ ಉಳಿದುಬಿಟ್ಟವು.

ಬಡ ಶಾಲೆಗಳಲ್ಲಿ ಇದೆಲ್ಲ ಆಗದು ಎನ್ನುವವರಿಗೆ ಹೋಶಂಗಾಬಾದಿನ ಉದಾಹರಣೆ ಇದೆ. ಮಧ್ಯಪ್ರದೇಶದ ಆ ಜಿಲ್ಲೆಯಲ್ಲಿ 1972ರಲ್ಲಿ 16 ಸರಕಾರಿ ಮಾಧ್ಯಮಿಕ ಶಾಲೆಗಳಲ್ಲಿ, ಮಕ್ಕಳೇ ಪ್ರಯೋಗ ಮಾಡಿ ವಿಜ್ಞಾನ ಕಲಿಯುವ ಕಾರ್ಯಕ್ರಮ ಆರಂಭವಾಯಿತು. 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿತು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದಿತ್ತು. ಮಕ್ಕಳು ಅಂಚೆಯಲ್ಲಿ ಪ್ರಶ್ನೆ ಕಳಿಸಿದರೆ 'ಸವಾಲಿರಾಮ' ಎಂಬ ಕಲ್ಪಿತ ಹೆಸರಿನಿಂದ ಉತ್ತರ ಬರುತ್ತಿತ್ತು. ನಮ್ಮ ಗೆಳೆಯ ಆ ಜಿಲ್ಲೆಯಲ್ಲಿ ಹುಟ್ಟಿದ್ದರೆ ಬೆಂಚು ಹತ್ತುವ ಬದಲು ಒಂದು ಕಾರ್ಡು ಬರೆಯುತ್ತಿದ್ದ. 2002ರಲ್ಲಿ ರಾಜ್ಯ ಸರಕಾರ ಆ ಕಾರ್ಯಕ್ರಮವನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದದ್ದು ಒಂದು ಆದೇಶದಲ್ಲಿ ಮುಗಿಯಿತು.

ಈಚೆಗೆ ಅನುಕೂಲವಿರುವ ಶಾಲೆಗಳಲ್ಲಿ ಹಿಗ್ಗುವ ಬಟ್ಟೆಯನ್ನು ಬಳೆಗೆ ಬಿಗಿದು, ನಡುವೆ ಭಾರವಿಟ್ಟು, ಸುತ್ತ ಗೋಲಿ ಬಿಡುವ ಆಟ ಜನಪ್ರಿಯವಾಗಿದೆ. ಗೋಲಿಗಳು ಗ್ರಹಗಳಂತೆ ಸುತ್ತುತ್ತವೆ, ಮಕ್ಕಳು ಕೇಕೆ ಹಾಕುತ್ತಾರೆ. ನಮಗೂ ಇಷ್ಟವಾಯಿತು. ಆದರೆ ಅಲ್ಲಿ ಗೋಲಿಯನ್ನು ತಗ್ಗಿಗೆ ಎಳೆಯುವುದು ನಡುವಿನ ಭಾರವಲ್ಲ, ಕೆಳಗಿರುವ ಭೂಮಿ. ಗುರುತ್ವವನ್ನು ವಿವರಿಸಲು ಗುರುತ್ವವನ್ನೇ ಕಳ್ಳದಾರಿಯಿಂದ ಒಳಗೆ ತಂದಂತಾಯಿತು. ಬಟ್ಟೆಯ ಮೇಲಿನ ಗೋಲಿ ಕೆಪ್ಲರನ ನಿಯಮವನ್ನು ಪಾಲಿಸುವುದಿಲ್ಲ ಎಂದು ಭೌತಶಾಸ್ತ್ರದ ಅಧ್ಯಾಪಕರೇ ಲೆಕ್ಕ ಹಾಕಿ ಬರೆದಿದ್ದಾರೆ. ಹಾಗೆಂದು ಬಟ್ಟೆಯನ್ನು ಎಸೆಯಬೇಕಿಲ್ಲ. ಹೂಕ್ ಮಾಡಿದಂತೆ, ಇದು ಇಲ್ಲಿಯವರೆಗೆ ನಿಜ, ಇಲ್ಲಿಂದಾಚೆ ನಿಜವಲ್ಲ ಎಂದು ಹೇಳಿದರಾಯಿತು. ಎರಡು ಗುಂಡುಪಿನ್ನು ಒಂದು ದಾರದಿಂದ ದೀರ್ಘವೃತ್ತ ಬರೆಸುವಾಗಲೂ ಇಷ್ಟು ಹೇಳಬೇಕು: ಭೂಮಿಯ ದಾರಿಯನ್ನು ಸರಿಯಾದ ಅಳತೆಯಲ್ಲಿ ಬರೆದರೆ ಅದು ಕಣ್ಣಿಗೆ ವೃತ್ತವೇ. ಹತ್ತು ಸೆಂಟಿಮೀಟರ್ ತ್ರಿಜ್ಯಕ್ಕೆ ಬರುವ ಚಪ್ಪಟೆತನ ಪೆನ್ಸಿಲ್ ಗೆರೆಯ ದಪ್ಪದಲ್ಲಿ ಮುಚ್ಚಿಹೋಗುತ್ತದೆ. ಪುಸ್ತಕದ ಉದ್ದನೆಯ ಮೊಟ್ಟೆ ನೋಡಿಯೇ ಮಕ್ಕಳು ಸೂರ್ಯ ಹತ್ತಿರ ಬಂದಾಗ ಬೇಸಿಗೆ ಎಂದುಕೊಳ್ಳುವುದು. ನಾವು ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿಯ ಮೊದಲ ವಾರದಲ್ಲಿ.

2013ರ ಜೂನ್ 20ರಂದು ಚೀನಾದ ಗಗನಯಾತ್ರಿ ವಾಂಗ್ ಯಾಪಿಂಗ್ ಭೂಮಿಯನ್ನು ಸುತ್ತುತ್ತಲೇ ಶಾಲಾ ಮಕ್ಕಳಿಗೆ ಪಾಠ ಮಾಡಿದಳು. ದಾರಕ್ಕೆ ಕಟ್ಟಿದ ಗುಂಡನ್ನು ಬದಿಗೆ ಎಳೆದು ಬಿಟ್ಟಳು. ಅದು ತೂಗಲಿಲ್ಲ, ಬಿಟ್ಟಲ್ಲೇ ನಿಂತಿತು. ಬೆರಳಿನಿಂದ ಮೆಲ್ಲನೆ ತಳ್ಳಿದಾಗ ದುಂಡಗೆ ಸುತ್ತತೊಡಗಿತು. ಹೂಕನ ಗುಂಡಿಗೂ ಈ ಗುಂಡಿಗೂ ನಡುವೆ 347 ವರ್ಷ. 2025ರಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತೆಯೂ ಜೊತೆಗೆ ಹೋಗಿ ಅಲ್ಲಿ ಮೊಳೆತವು. ಇಂಥ ಸುದ್ದಿಗಳು ಬಂದಾಗಲೆಲ್ಲ 'ಗುರುತ್ವವಿಲ್ಲದ ಜಾಗ' ಎಂಬ ಮಾತು ಕಿವಿಗೆ ಬೀಳುತ್ತದೆ. ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಸೆಳೆತ ಅಲ್ಲಿ ಇಲ್ಲಿಯ ನೂರಕ್ಕೆ ತೊಂಬತ್ತರಷ್ಟಿದೆ. ತೇಲುವುದು ಸೆಳೆತ ಇಲ್ಲದ್ದರಿಂದಲ್ಲ. ನಿಲ್ದಾಣವೂ ಅದರೊಳಗಿನ ಮನುಷ್ಯರೂ ಕಾಳುಗಳೂ ಒಟ್ಟಿಗೆ ಬೀಳುತ್ತಿರುವುದರಿಂದ.

ಇದನ್ನು ತೋರಿಸಲು ರಾಕೆಟ್ಟು ಬೇಡ. ಕಳೆದ ರಂಝಾನಿನ ನಂತರ ಒಂದು ಸಂಜೆ ನಾವು ಹಳೆಯ ನೀರಿನ ಬಾಟಲಿಯೊಂದರ ಬುಡದ ಬಳಿ ಮೊಳೆಯಿಂದ ಎರಡು ತೂತು ಮಾಡಿ, ಬೆರಳು ಒತ್ತಿ ನೀರು ತುಂಬಿಸಿಕೊಂಡು ಆ ಗೆಳೆಯನ ಸೈಕಲ್ ಅಂಗಡಿಗೆ ಹೋದೆವು. ಅಂಗಡಿ ಈಗ ಅವನದೇ. ಬೆರಳು ತೆಗೆದಾಗ ತೂತುಗಳಿಂದ ನೀರು ಚಿಮ್ಮಿತು. ಮೇಲೆ ಮಾಳಿಗೆಗೆ ಹೋಗಿ ಕೆಳಗೆ ಬಿಟ್ಟೆವು. ಬೀಳುತ್ತಿರುವಷ್ಟು ಹೊತ್ತು ನೀರು ಚಿಮ್ಮುವುದು ನಿಂತಿತು, ನೆಲಕ್ಕೆ ಬಡಿದಾಗ ಒಡೆದು ಚೆಲ್ಲಿತು. ಅವನಿಗೆ ನಂಬಿಕೆ ಬರಲಿಲ್ಲ. ಅಂಗಡಿಯ ಹುಡುಗನನ್ನು ಮೇಲೆ ಕಳಿಸಿ, ಬೇರೆ ಬಾಟಲಿಯಲ್ಲಿ ಮೂರು ಸಲ ಬೀಳಿಸಿ, ತಾನು ಕೆಳಗೆ ಕುಕ್ಕರುಗಾಲಲ್ಲಿ ಕೂತು ನೋಡಿದ.

ನಾವು ಹಳೆಯ ಪ್ರಶ್ನೆಯನ್ನು ನೆನಪಿಸಿದೆವು. ಅವನು ಮರೆತಿರಲಿಲ್ಲ. ಚಂದಿರನೂ ಹೀಗೇ ಬೀಳುತ್ತಿದ್ದಾನೆ ಎಂದೆವು.

'ಬೀಳುತ್ತಿದ್ದರೆ ಇಷ್ಟು ದಿನಕ್ಕೆ ಮುಟ್ಟಬೇಕಿತ್ತಲ್ಲ?' ಎಂದ.

ಪಂಕ್ಚರ್ ನೋಡುವ ನೀರಿನ ಬೋಗುಣಿಯ ಅಂಚನ್ನು ಭೂಮಿ ಮಾಡಿಕೊಂಡು ಹೇಳಿದೆವು. ಭೂಮಿಯ ನೆಲ ದುಂಡಗಿದೆ, 8 ಕಿಲೋಮೀಟರ್ ಹೋಗುವಷ್ಟರಲ್ಲಿ ಸುಮಾರು 5 ಮೀಟರ್ ಕೆಳಗೆ ಬಾಗುತ್ತದೆ. ವಸ್ತು ಮೊದಲ ಸೆಕೆಂಡಿನಲ್ಲಿ ಬೀಳುವುದೂ ಸುಮಾರು 5 ಮೀಟರ್. ಸೆಕೆಂಡಿಗೆ 8 ಕಿಲೋಮೀಟರ್ ವೇಗದಲ್ಲಿ ಅಡ್ಡಕ್ಕೆ ಎಸೆದರೆ ಅದು ಬಿದ್ದಷ್ಟೇ ನೆಲವೂ ಕೆಳಗೆ ಸರಿಯುತ್ತದೆ. ಚಂದಿರ ಬಹಳ ದೂರ ಇರುವುದರಿಂದ ಅವನಿಗೆ ಅಷ್ಟು ವೇಗ ಬೇಕಿಲ್ಲ, ಒಂದು ಕಿಲೋಮೀಟರ್ ಸಾಕು.

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಂತರ ತಲೆಕೆಳಗಾಗಿ ನಿಲ್ಲಿಸಿದ್ದ ಸೈಕಲ್ಲಿನ ಹಿಂದಿನ ಗಾಲಿಯನ್ನು ಒಮ್ಮೆ ಜೋರಾಗಿ ತಿರುಗಿಸಿ, 'ಹಾಗಾದರೆ ಅವನಿಗೆ ಆ ಅಡ್ಡ ತಳ್ಳು ಕೊಟ್ಟದ್ದು ಯಾವಾಗ?' ಎಂದು ಕೇಳಿದ.